ಒಳ್ಳೆಯ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್: ನಮ್ಮ ಮಕ್ಕಳಿಗೆ ಅವಕಾಶ ಎಷ್ಟು?

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಕುಟುಂಬಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕಮ್ಯುನಿಟಿ ಕಾಲೇಜಿನ, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜಿನ, ಮಕ್ಕಳಿಗೆ ಟ್ರಾನ್ಸ್‌ಫರ್ ವಿಚಾರದಲ್ಲಿ, ಅಂದರೆ ಓದಿನ ನಡುವೆ ಬೇರೆ ಯೂನಿವರ್ಸಿಟಿಗೆ ಹೋಗಿ ಸೇರುವ ವಿಚಾರದಲ್ಲಿ, ದಾರಿ ಹೇಳುವುದು ನನ್ನ ಕೆಲಸ. ನಮ್ಮ ಜನ ನನ್ನನ್ನು ಎಲ್ಲೇ ಕಂಡರೂ ಕೇಳುವುದು ಒಂದೇ ಪ್ರಶ್ನೆ: “ನಮ್ಮ ಹುಡುಗನಿಗೆ ಬರ್ಕ್ಲಿ ಸಿಗುತ್ತಾ ಮೇಡಂ?” ಆ ಪ್ರಶ್ನೆಯ ಹಿಂದಿನ ಕಳವಳ ನನಗೆ ಗೊತ್ತು. ಹನ್ನೆರಡನೇ ಕ್ಲಾಸು ಮುಗಿದಾಗ ಸಿಗದೆ ಹೋದದ್ದು ಎರಡು ವರ್ಷ ಬಿಟ್ಟಾದರೂ ಸಿಗಲಿ ಎಂಬ ಆಸೆ ಅದು. ಆದರೆ ಹೀಗೆ ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ.

ಊರಲ್ಲಿ ಸಿಇಟಿ ರಿಸಲ್ಟ್ ಬಂದ ವಾರವನ್ನು ನೆನಪಿಸಿಕೊಳ್ಳಿ. ಬರೀ “ಆರ್.ವಿ. ಸಿಗುತ್ತಾ” ಎಂದು ಯಾರೂ ಕೇಳುವುದಿಲ್ಲ. “ಆರ್.ವಿ.ಯಲ್ಲಿ ಕಂಪ್ಯೂಟರ್ ಸೈನ್ಸ್, ಜಿಎಂ, ಹೋದ ವರ್ಷ ಕೊನೇ ರೌಂಡಿನಲ್ಲಿ ಕಟಾಫ್ ಎಷ್ಟಕ್ಕೆ ನಿಂತಿತ್ತು” ಎಂದು ಕೇಳುತ್ತಾರೆ. ಕಾಲೇಜು, ಬ್ರಾಂಚು, ಕೆಟಗರಿ, ರೌಂಡು ನಾಲ್ಕೂ ಸೇರಿದ ಮೇಲೇ ಅದೊಂದು ಪ್ರಶ್ನೆ. ಇಲ್ಲಿಯೂ ಅಷ್ಟೇ. ಯಾವ ಕಾಲೇಜಿನಿಂದ ಹೊರಟಿದ್ದಾನೆ, ಯಾವ ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಹಾಕುತ್ತಿದ್ದಾನೆ, ಆ ಮೇಜರ್ ಕೇಳುವ ಕೋರ್ಸುಗಳಲ್ಲಿ ಎಷ್ಟು ಮುಗಿದಿವೆ, ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಎಷ್ಟು, ಇವು ಗೊತ್ತಾದರೆ ನಾನು ಒಂದು ಅಂದಾಜು ಹೇಳಬಲ್ಲೆ. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಸಿಇಟಿಯಲ್ಲಿ ರ‍್ಯಾಂಕ್ ಪಟ್ಟಿ ಇದೆ, ರ‍್ಯಾಂಕ್ ಇದ್ದರೆ ಸೀಟು ಸಿಕ್ಕೇ ಸಿಗುತ್ತದೆ. ಇಲ್ಲಿ ಪಟ್ಟಿ ಇಲ್ಲ, ಅರ್ಜಿಯನ್ನು ಮನುಷ್ಯರು ಕೂತು ಓದುತ್ತಾರೆ. ಹಾಗಾಗಿ ಸಿಗುವುದು ಅಂದಾಜೇ ಹೊರತು ಗ್ಯಾರಂಟಿಯಲ್ಲ.

ಮೊದಲು ಸೀಟು ಎಲ್ಲಿಂದ ಬರುತ್ತದೆ ನೋಡೋಣ. ಹಾರ್ವರ್ಡ್‌ನಂಥ ಕಡೆ ಮೊದಲ ವರ್ಷ ಸೇರಿದವರು ಹೆಚ್ಚುಕಡಿಮೆ ಎಲ್ಲರೂ ಎರಡನೇ ವರ್ಷಕ್ಕೆ ವಾಪಸ್ ಬರುತ್ತಾರೆ. ಯಾರೂ ಬಿಟ್ಟು ಹೋಗದಿದ್ದರೆ ಜಾಗ ಎಲ್ಲಿ ಖಾಲಿಯಾಗಬೇಕು? ಅದಕ್ಕೇ ಅವರು ವರ್ಷಕ್ಕೆ ಸರಾಸರಿ ಹನ್ನೆರಡು ಜನರನ್ನು ಟ್ರಾನ್ಸ್‌ಫರ್ ಆಗಿ ತೆಗೆದುಕೊಳ್ಳುವುದು, ಅರ್ಜಿ ಹಾಕುವವರು ಸಾವಿರದ ಮೇಲೆ. ಪ್ರಿನ್ಸ್‌ಟನ್ ಅಂತೂ 1990ರಿಂದ ಟ್ರಾನ್ಸ್‌ಫರ್ ಅನ್ನೇ ನಿಲ್ಲಿಸಿತ್ತು. 2018ರಲ್ಲಿ ಮತ್ತೆ ಶುರು ಮಾಡಿದಾಗಲೂ ಸೈನ್ಯದಲ್ಲಿ ಇದ್ದು ಬಂದವರು, ಕಮ್ಯುನಿಟಿ ಕಾಲೇಜಿನವರು, ಕಡಿಮೆ ಆದಾಯದ ಮನೆಯವರು ಇಂಥವರಿಗೆ ಒತ್ತು ಕೊಟ್ಟಿತು. ಸ್ಟ್ಯಾನ್‌ಫರ್ಡ್‌ನಲ್ಲಿ ನೂರಕ್ಕೆ ಒಬ್ಬಿಬ್ಬರು. ಈ ಮೂರು ಹೆಸರುಗಳನ್ನು ಇಟ್ಟುಕೊಂಡು ಯಾರೂ ಲೆಕ್ಕಾಚಾರ ಮಾಡಬೇಡಿ. ಹಾಕುವ ಮನಸ್ಸಿದ್ದರೆ ಹಾಕಿ, ಅದರ ಮೇಲೆ ಯೋಜನೆ ಕಟ್ಟಬೇಡಿ.

ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯದು, ಅಂದರೆ ಯುಸಿಯದು, ಬೇರೆಯೇ ಕಥೆ. ಬರ್ಕ್ಲಿ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಎಲ್ಲ ಇದರ ಕ್ಯಾಂಪಸ್ಸುಗಳೇ. ಇಲ್ಲಿ ಟ್ರಾನ್ಸ್‌ಫರ್ ಸೀಟು ಯಾರೋ ಬಿಟ್ಟುಹೋದ ಜಾಗವಲ್ಲ, ಬೇಕೆಂದೇ ಇಟ್ಟ ಜಾಗ. 1960ರ ಮಾಸ್ಟರ್ ಪ್ಲಾನ್ ಈ ರಾಜ್ಯದ ಉನ್ನತ ಶಿಕ್ಷಣಕ್ಕೆ ಚೌಕಟ್ಟು ಹಾಕಿತು: ಹೈಸ್ಕೂಲಿನ ಮೇಲ್ಮಟ್ಟದ ಎಂಟನೇ ಒಂದು ಭಾಗಕ್ಕೆ ಯುಸಿ, ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು ಎಲ್ಲರಿಗೂ. ಹದಿನೆಂಟನೇ ವಯಸ್ಸಿಗೆ ಬಾಗಿಲು ಮುಚ್ಚಿಹೋಗಬಾರದು, ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ಯುಸಿಗೆ ಬರುವಂತಿರಬೇಕು ಎಂಬುದು ಅದರ ಜೀವಾಳ. ಇಬ್ಬರು ಹೊಸಬರಿಗೆ ಒಬ್ಬ ಟ್ರಾನ್ಸ್‌ಫರ್ ಎಂಬ ಪ್ರಮಾಣವನ್ನು ಯುಸಿ ಇಂದಿಗೂ ಗುರಿಯಾಗಿ ಇಟ್ಟುಕೊಂಡಿದೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ದೂರದೃಷ್ಟಿಯಿಂದ ಮಾಡಿಟ್ಟ ಈ ಏರ್ಪಾಡಿನ ಫಲ ಇವತ್ತು ಫ್ರೀಮಾಂಟ್‌ನಲ್ಲಿ, ಕ್ಯುಪರ್ಟಿನೋದಲ್ಲಿ ಇರುವ ನಮ್ಮ ಮಕ್ಕಳಿಗೆ ಸಿಗುತ್ತಿದೆ. ಅದನ್ನು ನೆನೆದರೆ ನನಗೆ ನಿಜಕ್ಕೂ ಕೃತಜ್ಞತೆ ಉಕ್ಕುತ್ತದೆ.

ಅಂಕಿಗಳಿಗೆ ಬರೋಣ. ಯುಸಿಎಲ್‌ಎಯಲ್ಲಿ ಹೈಸ್ಕೂಲಿನಿಂದ ನೇರವಾಗಿ ಅರ್ಜಿ ಹಾಕಿದವರಲ್ಲಿ ನೂರಕ್ಕೆ ಸುಮಾರು 9 ಜನಕ್ಕೆ ಸೀಟು ಸಿಗುತ್ತದೆ. ಟ್ರಾನ್ಸ್‌ಫರ್ ಆಗಿ ಹಾಕಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಬರ್ಕ್ಲಿಯದೂ ಹೆಚ್ಚುಕಡಿಮೆ ಇದೇ ರೀತಿ. ಇದನ್ನು ಕೇಳಿದ ಕೂಡಲೇ “ಹಾಗಾದರೆ ಟ್ರಾನ್ಸ್‌ಫರ್ ಸುಲಭ” ಎಂದು ಮನಸ್ಸು ಹಗುರಾಗುತ್ತದೆ. ಸ್ವಲ್ಪ ನಿಲ್ಲಿ. ಈ 25 ಶೇಕಡಾ ಯಾರದು?

ಯುಸಿಗೆ ಬರುವ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಂದ ಬಂದವರು. ಅಂಥ ಕಾಲೇಜುಗಳು 116 ಇವೆ. ನಮ್ಮ ಸುತ್ತಮುತ್ತಲೇ ಡಿ ಆ್ಯಂಜಾ, ಫುಟ್‌ಹಿಲ್, ಓಲೋನಿ, ಡಯಾಬ್ಲೊ ವ್ಯಾಲಿ. ಆ ಮಕ್ಕಳಿಗೆ ಮೊದಲ ಆದ್ಯತೆ ಎಂಬುದು ಯುಸಿಯ ನಿಯಮವೇ. ಈಗ, ನಿಮ್ಮ ಮಗಳು ಅರಿಜೋನಾದಲ್ಲೋ ಓಹಾಯೋದಲ್ಲೋ ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ, ಬರ್ಕ್ಲಿಗೆ ಬರಬೇಕೆಂದಿದ್ದಾಳೆ ಎಂದುಕೊಳ್ಳಿ. 25 ಶೇಕಡಾ ಎಂಬ ಸಂಖ್ಯೆ ಅವಳದಲ್ಲ. ಉಳಿದ ಹತ್ತಕ್ಕಿಂತ ಕಡಿಮೆ ಶೇಕಡಾ ಜಾಗಕ್ಕೆ ದೇಶವಿಡೀ ಹಾಕುವವರ ಸಾಲಿನಲ್ಲಿ ಅವಳು ನಿಂತಿದ್ದಾಳೆ. ಅವಳ ಜಿಪಿಎ 4.0 ಇದ್ದರೂ ಕ್ಯುಪರ್ಟಿನೋದ 3.8ರ ಹುಡುಗ ಮುಂದೆ ಇರಬಹುದು. ಇದು ಅನ್ಯಾಯ ಎಂದು ಕೆಲವರು ನನ್ನೊಡನೆ ವಾದಿಸಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡನೇ ಅವಕಾಶ ಅದನ್ನು ಹೆಚ್ಚು ಬಯಸುವವರಿಗೆ ಮೊದಲು ಸಿಗಲಿ ಎಂಬ ಆಲೋಚನೆ ಸರಿಯಾದದ್ದೇ.

ಇನ್ನು ಮೇಜರ್. ಕಂಪ್ಯೂಟರ್ ಸೈನ್ಸ್ ಎಂದ ಕೂಡಲೇ ಎಲ್ಲ ಲೆಕ್ಕವೂ ತಲೆಕೆಳಗು. ಬರ್ಕ್ಲಿಯಲ್ಲಿ, ಯುಸಿಎಲ್‌ಎಯಲ್ಲಿ ಆ ಮೇಜರ್‌ಗೆ ಟ್ರಾನ್ಸ್‌ಫರ್ ಪ್ರವೇಶ ಒಂದಂಕಿ ಶೇಕಡಾದಲ್ಲಿದೆ. ಅದೇ ಕ್ಯಾಂಪಸ್ಸಿನಲ್ಲಿ ಇತಿಹಾಸಕ್ಕೋ ಸಮಾಜಶಾಸ್ತ್ರಕ್ಕೋ ಪ್ರಮಾಣ ಎಷ್ಟೋ ಪಾಲು ಹೆಚ್ಚು. ಯುಸಿಯ ಅಧಿಕೃತ ಮಾಹಿತಿ ಕೇಂದ್ರ ಪ್ರತಿ ವರ್ಷ ಕ್ಯಾಂಪಸ್ ಪ್ರಕಾರ, ಮೇಜರ್ ಪ್ರಕಾರ ಒಂದು ಕೋಷ್ಟಕ ಹಾಕುತ್ತದೆ: ಎಷ್ಟು ಅರ್ಜಿ, ಎಷ್ಟು ಪ್ರವೇಶ, ಪ್ರವೇಶ ಸಿಕ್ಕವರ ಜಿಪಿಎ ಎಲ್ಲಿಂದ ಎಲ್ಲಿವರೆಗೆ. ಇಷ್ಟು ಒಳ್ಳೆಯ ಮಾಹಿತಿ ಪುಕ್ಕಟೆ ಸಿಗುತ್ತಿರುವಾಗ ಜನ ಪಕ್ಕದ ಮನೆಯವರ ಮಗನಿಗೆ ಸಿಕ್ಕ ಸುದ್ದಿಯ ಮೇಲೆ ತೀರ್ಮಾನ ಮಾಡುತ್ತಾರಲ್ಲ ಎಂಬುದು ನನ್ನ ಸಂಕಟ. ಸಿಕ್ಕವರು ಹೇಳಿಕೊಳ್ಳುತ್ತಾರೆ, ಸಿಗದವರು ಸುಮ್ಮನಿರುತ್ತಾರೆ. ಕೇಳಿದ್ದನ್ನಷ್ಟೇ ಎಣಿಸಿದರೆ ಎಲ್ಲರಿಗೂ ಸಿಕ್ಕಂತೆ ಕಾಣುತ್ತದೆ.

ಆ ಕೋಷ್ಟಕ ಓದುವಾಗ ಬಹಳ ಮಂದಿ ಎಡವುವ ಜಾಗ ಒಂದಿದೆ. ಜಿಪಿಎ ಕಾಲಂನಲ್ಲಿ “3.85ರಿಂದ 4.00” ಎಂದಿದೆ ಎಂದುಕೊಳ್ಳಿ. ಅದರ ಅರ್ಥ, ಪ್ರವೇಶ ಸಿಕ್ಕವರಲ್ಲಿ ನಡುವಿನ ಅರ್ಧ ಜನ ಆ ಎರಡು ಅಂಕಿಗಳ ಮಧ್ಯೆ ಇದ್ದಾರೆ ಎಂದು. ನಿಮ್ಮ ಮಗನ ಜಿಪಿಎ 3.9 ಆದರೆ “ನಡುವೆ ಇದ್ದಾನೆ, ಹಾಗಾಗಿ ಐವತ್ತು ಶೇಕಡಾ ಅವಕಾಶ” ಎನ್ನುವಂತಿಲ್ಲ. ಅದು ಒಳಗೆ ಹೋದವರ ಲೆಕ್ಕ. ಅದೇ 3.9 ಇಟ್ಟುಕೊಂಡು ಹೊರಗೆ ಉಳಿದವರು ಎಷ್ಟು ಮಂದಿ ಎಂಬುದು ಆ ಕಾಲಂನಲ್ಲಿ ಇಲ್ಲ. ಅದಕ್ಕೆ ಪಕ್ಕದ ಪ್ರವೇಶ ಪ್ರಮಾಣವನ್ನೂ ಜೊತೆಗಿಟ್ಟು ಓದಬೇಕು. ಪ್ರಮಾಣ 6 ಶೇಕಡಾ ಇದ್ದು ಜಿಪಿಎ ಹೆಚ್ಚುಕಡಿಮೆ ಎಲ್ಲರದೂ 4.0 ಇದ್ದರೆ, ಅಲ್ಲಿ ಜಿಪಿಎ ಬರೀ ಒಳಗೆ ನಿಲ್ಲಲು ಬೇಕಾದ ಚೀಟಿ, ಆಯ್ಕೆ ಮಾಡುವುದು ಬೇರೆ ಸಂಗತಿಗಳು. ಪ್ರಮಾಣ 50 ಶೇಕಡಾ ಇದ್ದು ಜಿಪಿಎ 3.3ರಿಂದ 3.8ರವರೆಗೆ ಹರಡಿಕೊಂಡಿದ್ದರೆ, 3.7 ಇರುವ ಮಗು ನೆಮ್ಮದಿಯಾಗಿ ಇರಬಹುದು. ಒಂದೇ ವರ್ಷದ್ದನ್ನು ನೋಡಬೇಡಿ, ಮೂರ್ನಾಲ್ಕು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ. ಚಿಕ್ಕ ಮೇಜರ್‌ಗಳಲ್ಲಿ ವರ್ಷದಿಂದ ವರ್ಷಕ್ಕೆ ಅಂಕಿ ಬಹಳ ಜಿಗಿಯುತ್ತದೆ.

ಹಾಗಾದರೆ ಆ “ಬೇರೆ ಸಂಗತಿಗಳು” ಯಾವುವು? ಟ್ರಾನ್ಸ್‌ಫರ್ ಅರ್ಜಿ ಓದುವವರು ಮೊದಲು ನೋಡುವುದು ಮೇಜರ್‌ಗೆ ಬೇಕಾದ ಕೆಳ ಹಂತದ ಕೋರ್ಸುಗಳು ಮುಗಿದಿವೆಯೇ ಎಂದು. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯುಸಿಯ ಯಾವ ಕೋರ್ಸಿಗೆ ಸಮ ಎಂಬುದೆಲ್ಲ ಅಸಿಸ್ಟ್ ಎಂಬ ರಾಜ್ಯದ ತಾಣದಲ್ಲಿದೆ. ಒಬ್ಬ ಹುಡುಗಿಯ ವಿಚಾರ ಹೇಳುತ್ತೇನೆ. ಇಂಜಿನಿಯರಿಂಗ್ ಬೇಕೆಂದು ಬಂದಿದ್ದಳು. “ಆಂಟಿ, ನನ್ನ ಜಿಪಿಎ 3.93, ನನಗೆ ಚಾನ್ಸ್ ಎಷ್ಟು ಹೇಳಿ” ಎಂದಳು. ನಾನು ಜಿಪಿಎ ಪಕ್ಕಕ್ಕಿಟ್ಟು ಅಸಿಸ್ಟ್ ಪುಟ ತೆರೆದು ಅವಳ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಜೊತೆಗಿಟ್ಟೆ. ಎಡಗಡೆ ಯುಸಿಯ ಎರಡು ಸೆಮಿಸ್ಟರಿನ ಭೌತಶಾಸ್ತ್ರ, ಬಲಗಡೆ ಅವಳ ಕಾಲೇಜಿನ ಮೂರು ಕ್ವಾರ್ಟರಿನ (ಸೆಮಿಸ್ಟರಿಗಿಂತ ಚಿಕ್ಕ ಅವಧಿಯ) ಸರಣಿ, ಮೂರರ ಮಧ್ಯೆ “ಮತ್ತು” ಎಂದು ಬರೆದಿತ್ತು. ಅವಳು ಎರಡು ಮುಗಿಸಿದ್ದಳು. ಮೂರನೆಯದನ್ನು ಬೇಸಿಗೆಯಲ್ಲಿ ಮನೆ ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಮಾಡುವ ಯೋಚನೆಯಲ್ಲಿದ್ದಳು. ಆ ಕಾಲೇಜು ಸೆಮಿಸ್ಟರ್ ಪದ್ಧತಿಯದು. ಅರ್ಧ ಸರಣಿ ಇಲ್ಲಿ, ಅರ್ಧ ಅಲ್ಲಿ ಮಾಡಿದರೆ ಪಾಠಗಳು ಒಂದಕ್ಕೊಂದು ಕೂಡುವುದಿಲ್ಲ, ಯೂನಿವರ್ಸಿಟಿ ಎರಡನ್ನೂ ಅಪೂರ್ಣ ಎಂದು ಪರಿಗಣಿಸುವ ಸಾಧ್ಯತೆ ಇರುತ್ತದೆ. ಅವಳು ಮೂರನೆಯದನ್ನೂ ಮೊದಲಿನ ಕಾಲೇಜಿನಲ್ಲೇ ಹಿಡಿದಳು. ಅವಳ ಅವಕಾಶವನ್ನು ಆ ಒಂದು ತೀರ್ಮಾನ ಬದಲಿಸಿದಷ್ಟು ಜಿಪಿಎಯ ಇನ್ನೊಂದು ದಶಾಂಶ ಬದಲಿಸುತ್ತಿರಲಿಲ್ಲ.

ಆಮೇಲೆ ಪ್ರಬಂಧ. ಯುಸಿ ಟ್ರಾನ್ಸ್‌ಫರ್ ಅರ್ಜಿಯಲ್ಲಿ ನಾಲ್ಕು ಉತ್ತರ ಬರೆಯಬೇಕು, ಒಂದೊಂದೂ 350 ಪದಗಳ ಒಳಗೆ. ಮೂರನ್ನು ಏಳರಲ್ಲಿ ಆರಿಸಿಕೊಳ್ಳಬಹುದು, ಒಂದು ಮಾತ್ರ ಕಡ್ಡಾಯ: ನಿನ್ನ ಮೇಜರ್‌ಗೆ ಹೇಗೆ ಸಿದ್ಧನಾಗಿದ್ದೀಯ, ಮೇಲಿನ ಹಂತದ ಕೋರ್ಸುಗಳನ್ನು ನಿಭಾಯಿಸಲು ತಯಾರಿದ್ದೀಯಾ? ಕಡ್ಡಾಯವಾದದ್ದು ಯಾವುದು ಎಂಬುದೇ ಅವರ ಮನಸ್ಸಿನಲ್ಲಿ ಏನಿದೆ ಎಂದು ಹೇಳುತ್ತದೆ. ನೃತ್ಯ, ಟೆನಿಸ್, ಸ್ವಯಂಸೇವೆ ಎಲ್ಲವೂ ಬರಲಿ, ಆದರೆ ಮೂರನೇ ವರ್ಷದ ಕ್ಲಾಸಿನಲ್ಲಿ ಕೂತ ಮೊದಲ ದಿನವೇ ಈ ಮಗು ಪಾಠಕ್ಕೆ ಕೈ ಹಾಕಬಲ್ಲುದೇ ಎಂಬುದಕ್ಕೆ ಉತ್ತರ ಬೇಕು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕವನ್ನು ಯುಸಿ ನೋಡುವುದಿಲ್ಲ. ಶಿಫಾರಸು ಪತ್ರವನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಮೂರನೇ ವರ್ಷಕ್ಕೆ ಬರುವವರ ಹೈಸ್ಕೂಲ್ ಅಂಕಗಳು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎಡವಿದ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನಿದೆ? ಆದರೆ ಅನೇಕ ಖಾಸಗಿ ಯೂನಿವರ್ಸಿಟಿಗಳು ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತವೆ, ಅದರಲ್ಲೂ ಎರಡನೇ ವರ್ಷಕ್ಕೇ ಸೇರಲು ಹೊರಟವರದ್ದನ್ನು ಕೂಲಂಕಷವಾಗಿ ನೋಡುತ್ತವೆ.

ಜಿಪಿಎಯನ್ನು ಎಷ್ಟು ಎತ್ತಲು ಸಾಧ್ಯ ಎಂಬುದು ಬರೀ ಗಣಿತ. ಮೊದಲ ವರ್ಷ 30 ಯೂನಿಟ್ (ಕ್ರೆಡಿಟ್), ಜಿಪಿಎ 3.2. ಮುಂದಿನ ಸೆಮಿಸ್ಟರಿನಲ್ಲಿ 15 ಯೂನಿಟ್, ಎಲ್ಲದರಲ್ಲೂ ಎ ಬಂತು. ಆಗ 30ನ್ನು 3.2ರಿಂದ ಗುಣಿಸಿದ 96ಕ್ಕೆ, 15ನ್ನು ಎ ದರ್ಜೆಯ 4ರಿಂದ ಗುಣಿಸಿದ 60 ಸೇರಿ 156, ಅದನ್ನು 45ರಿಂದ ಭಾಗಿಸಿದರೆ 3.47. ಬೆವರು ಸುರಿಸಿ ದುಡಿದರೂ 3.5 ಮುಟ್ಟಲಿಲ್ಲ. ಅರ್ಜಿ ಹಾಕುವುದು ನವೆಂಬರ್ ಕೊನೆಯ ಹೊತ್ತಿಗೆ, ಶರತ್ಕಾಲದ ಅಂಕಗಳನ್ನು ಜನವರಿಯಲ್ಲಿ ಸೇರಿಸಲು ಅವಕಾಶವಿದೆ, ವಸಂತದ ಅಂಕ ಬರುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಅಂದರೆ ಎರಡು ವರ್ಷದ ಓದಿನಲ್ಲಿ ಲೆಕ್ಕಕ್ಕೆ ಬರುವುದು ಒಂದೂವರೆ ವರ್ಷದ್ದು ಮಾತ್ರ. ಮೊದಲ ಸೆಮಿಸ್ಟರನ್ನು ಹಗುರಾಗಿ ತೆಗೆದುಕೊಂಡರೆ ತುಂಬಿಕೊಳ್ಳಲು ಸಮಯವಿಲ್ಲ. ಮಕ್ಕಳೇ, ಈ ಮಾತನ್ನು ನಿಮಗೇ ಹೇಳುತ್ತಿದ್ದೇನೆ. ಮೊದಲ ಸೆಮಿಸ್ಟರಿಗೆ ಐದು ಕಷ್ಟದ ಕೋರ್ಸು ತುಂಬಿಕೊಂಡು ಮೈಮೇಲೆ ಎಳೆದುಕೊಳ್ಳಬೇಡಿ.

ಅಂದಾಜು ಹಾಕುವಾಗ ಆಗುವ ಇನ್ನೊಂದು ತಪ್ಪು ಲೆಕ್ಕದ್ದೇ. “ಆರು ಕಡೆ ಹಾಕಿದ್ದೇನೆ, ಒಂದೊಂದರಲ್ಲೂ 20 ಶೇಕಡಾ ಅವಕಾಶ. ಹಾಗಾದರೆ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ 74 ಶೇಕಡಾ” ಎಂದು ಒಬ್ಬ ಜಾಣ ಹುಡುಗ ನನಗೆ ತೋರಿಸಿದ. ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಆ ಗುಣಾಕಾರ ನಡೆಯುವುದು ಆರು ತೀರ್ಮಾನಗಳಿಗೂ ಒಂದಕ್ಕೊಂದು ಸಂಬಂಧ ಇಲ್ಲದಿದ್ದಾಗ. ಆರೂ ಕಡೆ ಹೋಗುವುದು ಅದೇ ಜಿಪಿಎ, ಅದೇ ಕೋರ್ಸುಗಳು, ಅದೇ ಪ್ರಬಂಧ. ಬೇಕಾದ ಒಂದು ಗಣಿತದ ಕೋರ್ಸು ಬಿಟ್ಟುಹೋಗಿದ್ದರೆ ಒಬ್ಬರಲ್ಲ, ಆರೂ ಜನ ಅದನ್ನೇ ಹಿಡಿಯುತ್ತಾರೆ. ಕಷ್ಟದ ಕಡೆ ಅರ್ಜಿಗಳ ಸಂಖ್ಯೆ ಹೆಚ್ಚಿಸಿದರೆ ಅವಕಾಶ ಹೆಚ್ಚುತ್ತದೆ ನಿಜ, ನೀವು ಅಂದುಕೊಂಡಷ್ಟಲ್ಲ.

ಅದಕ್ಕಾಗಿಯೇ ಒಂದು ಗಟ್ಟಿಯಾದ ನೆಲೆ ಬೇಕು. ಟ್ಯಾಗ್ ಎಂದು ಕರೆಯುವ ಪ್ರವೇಶ ಖಾತರಿ ಯೋಜನೆ ಅಂಥದ್ದು. ಕಮ್ಯುನಿಟಿ ಕಾಲೇಜಿನ ಮಗು ತಾವು ಹೇಳಿದ ಕೋರ್ಸು, ತಾವು ಹೇಳಿದ ಜಿಪಿಎ ಎರಡನ್ನೂ ಪೂರೈಸಿದರೆ ಸೀಟು ಕೊಡುತ್ತೇವೆ ಎಂದು ಆರು ಕ್ಯಾಂಪಸ್ಸುಗಳು ಲಿಖಿತವಾಗಿ ಒಪ್ಪುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಝ್. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಅದೂ ಸೆಪ್ಟೆಂಬರ್ ತಿಂಗಳಲ್ಲಿ, ಮಾಮೂಲಿ ಅರ್ಜಿಗೂ ಮುಂಚೆ. ಎಲ್ಲ ಮೇಜರ್‌ಗಳಿಗೂ ಇದು ಅನ್ವಯಿಸುವುದಿಲ್ಲ. ಸಾಂಟಾ ಬಾರ್ಬರಾದ ಇಂಜಿನಿಯರಿಂಗ್ ಕಾಲೇಜು ಟ್ಯಾಗ್ ತೆಗೆದುಕೊಳ್ಳುವುದಿಲ್ಲ. ಈ ಯೋಜನೆ ಕೈಯಲ್ಲಿದ್ದರೂ ಬರ್ಕ್ಲಿಗೆ ಹಾಕಲು ಅಡ್ಡಿಯಿಲ್ಲ. ನಮ್ಮವರು ಇದನ್ನು ಕೀಳಾಗಿ ಕಾಣುವುದನ್ನು ನೋಡಿದ್ದೇನೆ, “ಡೇವಿಸ್ ಅಷ್ಟೇನಾ” ಎಂದು. ದಯವಿಟ್ಟು ಮಕ್ಕಳ ಎದುರು ಹಾಗನ್ನಬೇಡಿ. ಜಗತ್ತಿನ ಅತ್ಯುತ್ತಮ ಪಶುವೈದ್ಯ ಮತ್ತು ಕೃಷಿ ವಿಭಾಗಗಳು ಅಲ್ಲಿವೆ. ಎರಡು ವರ್ಷ ಕಷ್ಟಪಟ್ಟು ಓದಿದ ಮಗು ಅಲ್ಲಿಗೆ ಹೋಗುತ್ತಿದ್ದರೆ ಅದು ಸಂಭ್ರಮ ಪಡುವ ಸಂಗತಿ.

ಯುಸಿಯ ಆಚೆ ನೋಡುವವರಿಗೆ ಒಂದು ಮಾತು. ಬಹುತೇಕ ಯೂನಿವರ್ಸಿಟಿಗಳು ಕಾಮನ್ ಡೇಟಾ ಸೆಟ್ ಎಂಬ ವಾರ್ಷಿಕ ದಾಖಲೆ ಪ್ರಕಟಿಸುತ್ತವೆ. ಅದರಲ್ಲಿ ‘ಡಿ’ ವಿಭಾಗ ಟ್ರಾನ್ಸ್‌ಫರ್‌ಗೆ ಮೀಸಲು. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು, ಎಷ್ಟು ಜನ ಸೇರಿದರು ಎಂಬ ಮೂರು ಸಾಲು ಅಲ್ಲಿರುತ್ತದೆ. ಕಾರ್ನೆಲ್‌ನಂಥ ಕಡೆ ವರ್ಷಕ್ಕೆ ನೂರಾರು ಮಂದಿಗೆ ಜಾಗ ಸಿಗುತ್ತದೆ, ಲಾಸ್ ಏಂಜಲೀಸ್‌ನ ಖಾಸಗಿ ಯೂನಿವರ್ಸಿಟಿ ಯುಎಸ್‌ಸಿಯಲ್ಲಿ ಸಾವಿರದ ಮೇಲೆ. ಹೆಸರಿನ ಭಾರ ಒಂದೇ ರೀತಿ ಇದ್ದರೂ ಬಾಗಿಲ ಅಗಲ ಬೇರೆ ಬೇರೆ ಎಂಬುದು ಆ ಮೂರು ಸಾಲಿನಲ್ಲಿ ಕಾಣುತ್ತದೆ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ನಾವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಮಗಳು ಅವಲಂಬಿತರ ಎಚ್-4 ವೀಸಾದಲ್ಲಿ. ಅವಳಿಗೆ ಮುಂದಿನ ವರ್ಷ 21 ತುಂಬುತ್ತದೆ. ಇದರಿಂದ ಏನಾದರೂ ತೊಂದರೆಯೇ?

ಪ್ರವೇಶಕ್ಕಿಂತ ಶುಲ್ಕದ ವಿಚಾರದಲ್ಲಿ ಇದು ಮುಖ್ಯ ಅಮ್ಮ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಓದು ಮುಂದುವರಿಸಲು ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಹಾಗೆ ಬದಲಾದವರನ್ನು ಯುಸಿಯಲ್ಲಿ ಹೊರರಾಜ್ಯದವರೆಂದು ಪರಿಗಣಿಸಿದರೆ ವರ್ಷಕ್ಕೆ 34 ಸಾವಿರ ಡಾಲರಿಗೂ ಹೆಚ್ಚು ಹೆಚ್ಚುವರಿ ಶುಲ್ಕ ಬೀಳುತ್ತದೆ. ಅರ್ಜಿ ಹಾಕುವ ಮೊದಲೇ ವಲಸೆ ವಕೀಲರನ್ನೂ, ಕ್ಯಾಂಪಸ್ಸಿನ ರೆಸಿಡೆನ್ಸಿ ಕಚೇರಿಯನ್ನೂ ಕೇಳಿಕೊಳ್ಳಿ. ಸೀಟು ಸಿಕ್ಕ ಮೇಲೆ ಈ ವಿಷಯ ತಿಳಿದು ಕಂಗಾಲಾದ ಕುಟುಂಬಗಳಿವೆ.

ಇನ್ನೊಬ್ಬ ಹುಡುಗ ಕೇಳಿದ: ನಾನು ಊರಲ್ಲಿ ವಿಟಿಯು ಕಾಲೇಜಿನಲ್ಲಿ ಒಂದು ವರ್ಷ ಇಂಜಿನಿಯರಿಂಗ್ ಓದಿ ಬಂದೆ, ಎರಡು ಬ್ಯಾಕ್‌ಲಾಗ್ ಇವೆ. ಅದನ್ನು ಹೇಳದೆ ಇದ್ದರೆ?

ಹೇಳಲೇಬೇಕಪ್ಪಾ. ಯಾವ ದೇಶದಲ್ಲಿ ಕಾಲೇಜಿಗೆ ಸೇರಿದ್ದರೂ ಅರ್ಜಿಯಲ್ಲಿ ತೋರಿಸಬೇಕು ಎಂಬುದು ನಿಯಮ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಪ್ರವೇಶವೇ ರದ್ದಾಗಬಹುದು. ಆಗ ಏನಾಯಿತು, ಇಲ್ಲಿಗೆ ಬಂದ ಮೇಲೆ ಅದೇ ವಿಷಯಗಳಲ್ಲಿ ಹೇಗೆ ಓದಿದೆ ಎಂದು ನಾಲ್ಕು ನೇರ ವಾಕ್ಯ ಬರೆ. ಇಲ್ಲಿ ಕ್ಯಾಲ್ಕುಲಸ್‌ನಲ್ಲಿ ಎ ಬಂದಿದ್ದರೆ ಅದು ಆ ಬ್ಯಾಕ್‌ಲಾಗ್‌ಗಿಂತ ಹೆಚ್ಚು ಮಾತಾಡುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಂದೆ: ಮಗ ಈಗ ಇರುವ ಯೂನಿವರ್ಸಿಟಿ ಚೆನ್ನಾಗಿಯೇ ಇದೆ, ಮೂರನೇ ವರ್ಷ. ಹೆಸರಿಗೋಸ್ಕರ ಬದಲಾಯಿಸಬಹುದಾ?

ನನ್ನ ಅಭಿಪ್ರಾಯ ಕೇಳಿದರೆ, ಬೇಡ ಸಾರ್. ಮೂರನೇ ವರ್ಷದವರ ಬಳಿ ಮೇಲಿನ ಹಂತದ ಯೂನಿಟ್‌ಗಳು ಹೆಚ್ಚಾಗಿರುತ್ತವೆ, ಅಂಥವರನ್ನು ಯುಸಿ ತೆಗೆದುಕೊಳ್ಳುವುದು ಅಪರೂಪ. ಸಿಕ್ಕರೂ ಕೆಲವು ಕ್ರೆಡಿಟ್ ಹೊಂದದೆ ಒಂದು ವರ್ಷ ಹೆಚ್ಚು ಓದಬೇಕಾಗಿ ಬರಬಹುದು. ಈಗಿನ ಪ್ರೊಫೆಸರುಗಳು ಅವನನ್ನು ಬಲ್ಲವರು, ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ, ಮುಂದೆ ಮಾಸ್ಟರ್ಸ್‌ಗೆ ಪತ್ರ ಬರೆದುಕೊಡುತ್ತಾರೆ. ಬೇಕಾದ ಮೇಜರ್ ಅಲ್ಲಿ ಇಲ್ಲದಿದ್ದರೆ, ಖರ್ಚು ತಡೆಯದಿದ್ದರೆ, ಮಗು ಅಲ್ಲಿ ಸೊರಗುತ್ತಿದ್ದರೆ ಮಾತು ಬೇರೆ.

ಕೊನೆಯ ಪ್ರಶ್ನೆ: ಸಿಗದಿದ್ದರೆ ಅಪೀಲ್ ಹಾಕಬಹುದೇ?

ಹಾಕಬಹುದು. ಆದರೆ ಮೊದಲ ಅರ್ಜಿಯಲ್ಲಿ ಇಲ್ಲದ ಹೊಸ ವಿಷಯ, ಅದೂ ತೂಕದ ವಿಷಯ ಇರಬೇಕು. ಅಂಕ ತಪ್ಪಾಗಿ ನಮೂದಾಗಿತ್ತು, ಗಂಭೀರ ಕಾಯಿಲೆಯ ದಾಖಲೆ ಬಿಟ್ಟುಹೋಗಿತ್ತು, ಇಂಥವು. “ನನಗೆ ಈ ಕಾಲೇಜೆಂದರೆ ಬಹಳ ಇಷ್ಟ” ಎಂಬುದು ಹೊಸ ವಿಷಯವಾಗುವುದಿಲ್ಲ. ಅಪೀಲಿನಲ್ಲಿ ತೀರ್ಮಾನ ಬದಲಾಗುವುದು ವಿರಳ. ಅಪೀಲ್ ಹಾಕಿ ಕಾಯುತ್ತಾ, ಸಿಕ್ಕಿರುವ ಇನ್ನೊಂದು ಕ್ಯಾಂಪಸ್ಸಿಗೆ ಒಪ್ಪಿಗೆ ಕೊಡುವ ಕೊನೆಯ ದಿನವನ್ನು ಕಳೆದುಕೊಳ್ಳಬೇಡಿ. ಯುಸಿ ಟ್ರಾನ್ಸ್‌ಫರ್‌ನವರಿಗೆ ಅದು ಸಾಮಾನ್ಯವಾಗಿ ಜೂನ್ 1. ಒಪ್ಪಿಗೆ ಕೊಟ್ಟ ಮೇಲೂ ವಸಂತದ ಕೋರ್ಸುಗಳನ್ನು ಅರ್ಜಿಯಲ್ಲಿ ಹೇಳಿದಂತೆಯೇ ಒಳ್ಳೆಯ ಅಂಕ ತೆಗೆದು ಮುಗಿಸಬೇಕು. ಯಾವುದನ್ನಾದರೂ ಬಿಡಬೇಕಾಗಿ ಬಂದರೆ ಬಿಡುವ ಮುನ್ನ ಕ್ಯಾಂಪಸ್ಸಿಗೆ ಬರೆದು ತಿಳಿಸಿ, ಉತ್ತರ ಬರುವವರೆಗೆ ಕ್ಲಾಸಿಗೆ ಹೋಗುತ್ತಿರಿ.